ಆನೆಕಾಲು ರೋಗದ ಹುಳುವನ್ನು ಸಾಕಿದ ಅನುಭವ

ಆನೆಕಾಲು ರೋಗದ ಹುಳುವಿನ ಮೇಲೆ ಕೆಲಸ ಮಾಡುತ್ತೇನೆ ಅಂತ ಹೇಳಿದರೆ ಎದುರಿಗಿದ್ದವರ ಕಣ್ಣು ಮೊದಲು ನನ್ನ ಕಾಲಿನ ಕಡೆ ಹೋಗುತ್ತದೆ. ಆಮೇಲೆ ಒಂದು ಪ್ರಶ್ನೆ: "ಆ ಹುಳು ಎಲ್ಲಿಂದ ತರ್ತೀರಿ?" ತಮಾಷೆಗೆ ಕೇಳಿದರೂ ಅದು ಸರಿಯಾದ ಪ್ರಶ್ನೆ. ನನ್ನ ಕೆಲಸದ ಮುಕ್ಕಾಲು ಪಾಲು ಅದಕ್ಕೆ ಉತ್ತರ ಹೊಂದಿಸುವುದರಲ್ಲೇ ಕಳೆದಿದೆ. ಔಷಧ ಪರೀಕ್ಷೆ, ಜೀನ್ ಓದುವುದು, ಪೇಪರ್ ಬರೆಯುವುದು ಎಲ್ಲ ಆಮೇಲೆ. ಮೊದಲು ಹುಳು ಬೇಕು. ಅದೂ ಜೀವಂತವಾಗಿ, ಬೇಕಾದಾಗ, ಬೇಕಾದಷ್ಟು.

ನಮ್ಮ ದೇಶದಲ್ಲಿ ಈ ರೋಗಕ್ಕೆ ಕಾರಣ ಬಹುಪಾಲು ವುಚೆರೇರಿಯಾ ಬ್ಯಾಂಕ್ರಾಫ್ಟೈ ಎಂಬ ಹುಳು. ಕಲಬುರಗಿ, ಯಾದಗಿರಿ, ಬೀದರ್ ಕಡೆಯೂ ಅದೇ, ನಮ್ಮ ಕರಾವಳಿಯಲ್ಲೂ ಅದೇ. ದೊಡ್ಡ ಹುಳುಗಳು ಮನುಷ್ಯನ ದುಗ್ಧರಸದ (ಲಿಂಫ್) ನಾಳಗಳಲ್ಲಿ ಸೇರಿಕೊಂಡು ವರ್ಷಗಟ್ಟಲೆ ಬದುಕುತ್ತವೆ. ಹೆಣ್ಣು 8ರಿಂದ 10 ಸೆಂಟಿಮೀಟರ್ ಉದ್ದ, ದಪ್ಪ ಕಾಲು ಮಿಲಿಮೀಟರ್ ಅಷ್ಟೇ. ಗಂಡು ಅದರ ಅರ್ಧ. 1994ರಲ್ಲಿ ಬ್ರೆಜಿಲ್‌ನ ರೆಸಿಫೆಯಲ್ಲಿ ಜೆರೂಸಾ ಡ್ರೇಯರ್ ಮತ್ತು ಜೊತೆಯವರು ಗಂಡಸರ ವೃಷಣಚೀಲಕ್ಕೆ ಅಲ್ಟ್ರಾಸೌಂಡ್ ಹಿಡಿದು ನೋಡಿದಾಗ ನಾಳದೊಳಗೆ ಹುಳುಗಳು ಬಿಡದೆ ಹೊರಳಾಡುವುದು ಪರದೆಯ ಮೇಲೆ ಕಂಡಿತು. ಈ ಜಾತಿಯ ಹುಳುಗಳಿಗೆ ಫೈಲೇರಿಯಾ ಅನ್ನುತ್ತಾರೆ, ಹಾಗಾಗಿ ಅದಕ್ಕೆ 'ಫೈಲೇರಿಯಾ ಡ್ಯಾನ್ಸ್' ಅಂತಲೇ ಹೆಸರು ಬಿತ್ತು. ನೋಡಬಹುದು, ಸರಿ. ಆದರೆ ಅಲ್ಲಿಂದ ಹುಳು ತೆಗೆದು ಪ್ರಯೋಗಕ್ಕೆ ಇಟ್ಟುಕೊಳ್ಳುವ ಹಾಗಿಲ್ಲ. ಇಲಿ, ಮೊಲ ಇಂಥ ಪ್ರಯೋಗಾಲಯದ ಸಣ್ಣ ಪ್ರಾಣಿಗಳಲ್ಲಿ ಅದು ಬೆಳೆಯುವುದೂ ಇಲ್ಲ.

ಹಾಗಾಗಿ ಲೋಕದ ಹೆಚ್ಚಿನ ಪ್ರಯೋಗಾಲಯಗಳು ಅದರ ದಾಯಾದಿಯನ್ನು ಸಾಕುತ್ತವೆ: ಬ್ರೂಜಿಯಾ ಮಲಾಯಿ. ಇದೂ ಮನುಷ್ಯರಿಗೆ ಆನೆಕಾಲು ತರುವ ಹುಳುವೇ. ಭಾರತದಲ್ಲಿ ಇದರ ಹಳೆಯ ನೆಲೆ ಕೇರಳದ ಚೇರ್ತಲದ ಸುತ್ತಮುತ್ತ. ಅಲ್ಲಿ ಇದನ್ನು ಹರಡುತ್ತಿದ್ದುದು ಮ್ಯಾನ್ಸೋನಿಯಾ ಸೊಳ್ಳೆ. ಆ ಸೊಳ್ಳೆಯ ಮರಿಗಳು ಉಸಿರಾಡಲು ನೀರಿನ ಮೇಲೆ ಬರುವುದಿಲ್ಲ, ಕೆರೆಯಲ್ಲಿ ತೇಲುವ ಅಂತರಗಂಗೆಯ ಬೇರಿಗೆ ಕೊಳವೆ ಚುಚ್ಚಿ ಅಲ್ಲಿಂದಲೇ ಗಾಳಿ ಎಳೆಯುತ್ತವೆ. 1980ರ ದಶಕದಲ್ಲಿ ಪುದುಚೇರಿಯ ವೆಕ್ಟರ್ ಕಂಟ್ರೋಲ್ ರಿಸರ್ಚ್ ಸೆಂಟರಿನವರು ಚೇರ್ತಲದಲ್ಲಿ ಜನರನ್ನು ಸೇರಿಸಿಕೊಂಡು ಕೆರೆಗಳ ಅಂತರಗಂಗೆ ತೆಗೆಸಿ ಮೀನು ಸಾಕಿಸಿದರು. ಔಷಧ ಹೊಡೆಯುವುದಕ್ಕಿಂತ ಇದು ಜಾಣತನದ ಕೆಲಸ ಅಂತ ನನ್ನ ಅಭಿಪ್ರಾಯ. ಸೊಳ್ಳೆಯ ಬದುಕು ಗೊತ್ತಿದ್ದವರು ಮಾತ್ರ ಹಾಗೆ ಯೋಚಿಸಬಲ್ಲರು.

ಪ್ರಯೋಗಾಲಯಕ್ಕೆ ಬರುವ ಮೊದಲು ನಾನು ಹಳ್ಳಿಯಲ್ಲಿ ರಾತ್ರಿ ರಕ್ತ ತೆಗೆಯುವ ಕೆಲಸ ಮಾಡಿದ್ದೆ. ಕಲಬುರಗಿ ಕಡೆಯ ಹಳ್ಳಿಗಳು. ಪ್ರಾಣಿಶಾಸ್ತ್ರದ ಎಂಎಸ್ಸಿ ಮುಗಿಸಿ ಒಂದು ಪ್ರಾಜೆಕ್ಟಿಗೆ ಸೇರಿದ್ದೆ. ಹುಳು ಅಂದರೆ ಏನು ಅಂತ ನಿಜವಾಗಿ ಕಲಿತದ್ದು ಅಲ್ಲೇ.

ರಾತ್ರಿಯೇ ಯಾಕೆ? ದೊಡ್ಡ ಹೆಣ್ಣು ಹುಳು ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ಆ ಮರಿಗೆ ಮೈಕ್ರೋಫೈಲೇರಿಯಾ ಅಂತ ಹೆಸರು. ಕಾಲು ಮಿಲಿಮೀಟರ್‌ಗಿಂತ ತುಸು ಉದ್ದ. ಹಗಲು ಇವು ಶ್ವಾಸಕೋಶದ ಸಣ್ಣ ರಕ್ತನಾಳಗಳಲ್ಲಿ ಅಡಗಿರುತ್ತವೆ. ಕತ್ತಲಾದ ಮೇಲೆ ಚರ್ಮದ ಕಡೆಯ ರಕ್ತಕ್ಕೆ ಬರುತ್ತವೆ. ರಾತ್ರಿ 10ರಿಂದ 2ರವರೆಗೆ ಅವುಗಳ ಓಡಾಟ ಜೋರು. ಇದನ್ನು ಹರಡುವ ಕ್ಯೂಲೆಕ್ಸ್ ಸೊಳ್ಳೆ ಕಚ್ಚಲು ಬರುವ ಹೊತ್ತೂ ಅದೇ. ನಾವು ರಾತ್ರಿ ಎಂಟೂವರೆಗೆ ಶುರು ಮಾಡಿ ಹನ್ನೆರಡರೊಳಗೆ ಮುಗಿಸುತ್ತಿದ್ದೆವು. ಅದಕ್ಕಿಂತ ತಡವಾದರೆ ಜನ ಬಾಗಿಲು ತೆಗೆಯುವುದಿಲ್ಲ. ವಿಜ್ಞಾನದ ಹೊತ್ತಿಗೂ ಊರಿನ ಹೊತ್ತಿಗೂ ಹೀಗೊಂದು ರಾಜಿ.

ಒಂದು ಮನೆಯಲ್ಲಿ ಅಜ್ಜಿಯೊಬ್ಬರು ಹೊಸ್ತಿಲಲ್ಲೇ ತಡೆದರು. "ಹಗಲೆಲ್ಲ ಎಲ್ಲಿ ಹೋಗಿದ್ರಿ? ನಿದ್ದಿ ಕೆಡಸಾಕ ಈಗ ಬಂದೀರೇನು?" ಜೊತೆಗಿದ್ದ ಆಶಾ ಕಾರ್ಯಕರ್ತೆ ಸಮಾಧಾನ ಮಾಡಿದರು: "ಯಮ್ಮಾ, ಹುಳ ರಾತ್ರಿನೇ ಹೊರಗ ಬರ್ತಾವ್ರೀ." ಅಜ್ಜಿ ಸ್ವಲ್ಪ ಯೋಚಿಸಿ, "ಅವಕ್ಕೂ ನೈಟ್ ಡ್ಯೂಟಿ ಅದ ಏನ?" ಅಂದರು. ಬೆರಳನ್ನೂ ಕೊಟ್ಟರು. ಮನೆಯವರೆಲ್ಲರದ್ದೂ ಕೊಡಿಸಿದರು. ಆಶಾ ಕಾರ್ಯಕರ್ತೆ ಜೊತೆಗಿಲ್ಲದಿದ್ದರೆ ನಾವು ಊರಿನ ನಾಯಿಗಳನ್ನೂ ದಾಟುತ್ತಿರಲಿಲ್ಲ.

ಕೆಲಸ ಹೀಗೆ. ಎಡಗೈಯ ಉಂಗುರ ಬೆರಳನ್ನು ಸ್ಪಿರಿಟ್‌ನಲ್ಲಿ ಒರೆಸಿ, ಒಣಗಲು ಬಿಟ್ಟು, ಲ್ಯಾನ್ಸೆಟ್‌ನಿಂದ ಚುಚ್ಚಬೇಕು. ಮೊದಲ ಹನಿಯನ್ನು ಒರೆಸಿ ಬಿಡಬೇಕು. ಆಮೇಲೆ ಬರುವ ರಕ್ತವನ್ನು ಕೊಳವೆಯಲ್ಲಿ ಅಳೆದು 20 ಮೈಕ್ರೋಲೀಟರ್‌ನ ಮೂರು ಗೆರೆಗಳನ್ನು ಸ್ಲೈಡ್ ಮೇಲೆ ಎಳೆಯಬೇಕು. ಒಟ್ಟು 60. ಅಳತೆ ಸರಿ ಇಲ್ಲದಿದ್ದರೆ ಆಮೇಲೆ ಎಣಿಸಿ ಏನೂ ಪ್ರಯೋಜನ ಇಲ್ಲ. ಸ್ಲೈಡ್ ನಂಬರನ್ನು ಪೆನ್ಸಿಲ್‌ನಲ್ಲೋ ಡೈಮಂಡ್ ಪೆನ್ಸಿಲ್‌ನಲ್ಲೋ ಬರೆಯಬೇಕು. ಮಾರ್ಕರ್ ಪೆನ್ನಿನ ಬರಹವನ್ನು ಮೆಥನಾಲ್ ಅಳಿಸಿಹಾಕುತ್ತದೆ. ಹೊಸಬರಿಗೆ ನಾನು ಮೊದಲು ಹೇಳುವ ಮಾತು ಇದೇ.

ರಾತ್ರಿ ಸ್ಲೈಡ್‌ಗಳನ್ನು ಮಟ್ಟಸವಾದ ಜಾಗದಲ್ಲಿ ಒಣಗಲು ಇಡಬೇಕು. ಇಲ್ಲೊಂದು ಶತ್ರು ಇದೆ, ಇರುವೆ. ಒಣಗುತ್ತಿರುವ ರಕ್ತ ಅಂದರೆ ಇರುವೆಗೂ ಜಿರಳೆಗೂ ಹಬ್ಬ. ಬೆಳಗ್ಗೆ ನೋಡಿದರೆ ಮೂರು ಗೆರೆಯಲ್ಲಿ ಒಂದೂವರೆ ಉಳಿದಿರುತ್ತದೆ. ನಾವು ಮೇಜಿನ ನಾಲ್ಕು ಕಾಲುಗಳನ್ನೂ ನೀರು ತುಂಬಿದ ಬಟ್ಟಲಲ್ಲಿ ಇಡುತ್ತಿದ್ದೆವು, ಮೇಲೆ ಸೊಳ್ಳೆ ಪರದೆ ಹೊದಿಸುತ್ತಿದ್ದೆವು. ಯಾವ ಕೈಪಿಡಿಯಲ್ಲಿ ನೋಡಿ ಮಾಡಿದ್ದಲ್ಲ, ನಮ್ಮ ಲ್ಯಾಬ್ ಟೆಕ್ನಿಷಿಯನ್ ಮನೆಯಲ್ಲಿ ಅಡುಗೆ ಕಪಾಟಿಗೆ ಮಾಡುತ್ತಿದ್ದ ಉಪಾಯ ಅದು.

ಮರುದಿನ ಸ್ಲೈಡನ್ನು ಬರೀ ನೀರಿನಲ್ಲಿ ಮುಳುಗಿಸಿದರೆ ಕೆಂಪು ಬಣ್ಣ ನಿಧಾನವಾಗಿ ಬಿಟ್ಟುಕೊಳ್ಳುತ್ತದೆ. ಆಮೇಲೆ ಒಣಗಿಸಿ, ಮೆಥನಾಲ್‌ನಲ್ಲಿ ಅದ್ದಿ, ಜೀಮ್ಸಾ ಅಥವಾ ಜೆಎಸ್‌ಬಿ ಬಣ್ಣ ಹಾಕಬೇಕು. ಸೂಕ್ಷ್ಮದರ್ಶಕದಲ್ಲಿ ಮೊದಲು 10ರ ಲೆನ್ಸ್‌ನಲ್ಲಿ ಗೆರೆಯ ಉದ್ದಕ್ಕೂ ಹೋಗಿ, ಹುಳು ಸಿಕ್ಕಿದರೆ ದೊಡ್ಡ ಲೆನ್ಸ್‌ನಲ್ಲಿ ಬಾಲ ನೋಡಬೇಕು. ಬಾಲದ ತುದಿಯಲ್ಲಿ ಕೋಶಬೀಜ ಇಲ್ಲದಿದ್ದರೆ ವುಚೆರೇರಿಯಾ. ತುದಿಯಲ್ಲಿ ಬಿಡಿಬಿಡಿಯಾಗಿ ಎರಡು ಚುಕ್ಕೆ ಕಂಡರೆ ಬ್ರೂಜಿಯಾ ಮಲಾಯಿ. ಎರಡಕ್ಕೂ ಮೈಮೇಲೆ ಒಂದು ತೆಳು ಹೊದಿಕೆ ಇರುತ್ತದೆ. ಬ್ರೂಜಿಯಾದ ಹೊದಿಕೆಗೆ ಜೀಮ್ಸಾ ಗುಲಾಬಿ ಬಣ್ಣ ಕೊಡುತ್ತದೆ, ವುಚೆರೇರಿಯಾದ್ದು ಬಣ್ಣ ಹಿಡಿಯುವುದೇ ಇಲ್ಲ.

ಆದರೆ ಬಣ್ಣ ಹಾಕಿದ ಸ್ಲೈಡ್ ಸತ್ತ ಹುಳುವಿನ ಫೋಟೋ ಇದ್ದ ಹಾಗೆ. ಈ ಕೆಲಸಕ್ಕೆ ಬರುವವರು ಒಮ್ಮೆಯಾದರೂ ಹಸಿ ರಕ್ತ ನೋಡಬೇಕು. ಒಂದು ಹನಿ ರಕ್ತದ ಮೇಲೆ ಕವರ್‌ಸ್ಲಿಪ್ ಇಟ್ಟು ನೋಡಿದರೆ ಮೊದಲು ಹುಳು ಕಾಣುವುದಿಲ್ಲ. ಒಂದು ಕಡೆ ಕೆಂಪು ರಕ್ತಕಣಗಳು ಸುಮ್ನೆ ಚೆಲ್ಲಾಪಿಲ್ಲಿ ಆಗುತ್ತಿರುತ್ತವೆ, ಯಾರೋ ಒಳಗಿನಿಂದ ತಳ್ಳಿದಂತೆ. ಅಲ್ಲಿ ಫೋಕಸ್ ಮಾಡಿದರೆ ಗಾಜಿನಂತೆ ಪಾರದರ್ಶಕವಾದ ಮೈ. ಚಾವಟಿಯಂತೆ ಹೊಡೆದುಕೊಳ್ಳುತ್ತದೆ, ಆದರೆ ಇದ್ದ ಜಾಗ ಬಿಟ್ಟು ಹೆಚ್ಚು ದೂರ ಹೋಗುವುದಿಲ್ಲ. ರಕ್ತ ಕೊಟ್ಟವರಿಗೂ ಕೆಲವೊಮ್ಮೆ ತೋರಿಸುತ್ತಿದ್ದೆವು. ಹತ್ತು ಸಲ ಹೇಳಿದರೂ ಮಾತ್ರೆ ನುಂಗದವರು ಇದನ್ನು ನೋಡಿದ ಮೇಲೆ ಮರುಮಾತಾಡದೆ ನುಂಗಿದ್ದಾರೆ.

ಊರಲ್ಲಿ ತಿಳಿಸಿ ಹೇಳಲು ಬಹಳ ಕಷ್ಟವಾದ ಸಂಗತಿ ಒಂದಿದೆ. ಕಾಲು ದಪ್ಪಗಾಗಿ ವರ್ಷಗಳಾದವರ ರಕ್ತದಲ್ಲಿ ಬಹಳ ಸಲ ಮರಿಹುಳು ಸಿಗುವುದೇ ಇಲ್ಲ. ಕಟ್ಟುಮಸ್ತಾದ, ಯಾವ ತೊಂದರೆಯೂ ಇಲ್ಲದ ಹುಡುಗನ ಸ್ಲೈಡ್‌ನಲ್ಲಿ ರಾಶಿ ಇರುತ್ತವೆ. "ನನಗೇನಾಗೇದ? ಅವರಿಗೆ ಕೊಡ್ರಿ ಗುಳಿಗಿ" ಅಂತ ಹುಡುಗ ಅಪ್ಪನ ಕಡೆ ಕೈ ತೋರಿಸುತ್ತಾನೆ. ತಪ್ಪೇನಿಲ್ಲ, ಕಣ್ಣಿಗೆ ಕಾಣುವುದು ಹಾಗೇ ಅಲ್ವಾ. ಆದರೆ ಸೊಳ್ಳೆಗೆ ಹುಳು ಕೊಡುತ್ತಿರುವುದು ಅಪ್ಪನಲ್ಲ, ಅವನು. ಮನೆಮನೆಗೆ ಹೋಗಿ ಎಲ್ಲರಿಗೂ ಡಿಇಸಿ, ಆಲ್ಬೆಂಡಜೋಲ್ ಎಂಬ ಹುಳುವಿನ ಮಾತ್ರೆಗಳನ್ನು ನುಂಗಿಸುವ ಸಾಮೂಹಿಕ ಔಷಧ ಸೇವನೆಯ ಹಿಂದಿನ ತರ್ಕ ಇಷ್ಟೇ.

ಈಗ ರಾತ್ರಿ ಸುತ್ತುವುದು ಕಡಿಮೆಯಾಗಿದೆ. ಎಫ್‌ಟಿಎಸ್ (ಫೈಲೇರಿಯಾ ಟೆಸ್ಟ್ ಸ್ಟ್ರಿಪ್) ಎಂಬ ಪರೀಕ್ಷೆಯ ಪಟ್ಟಿ ಬಂದಿದೆ. 75 ಮೈಕ್ರೋಲೀಟರ್ ರಕ್ತ ಹಾಕಿ ಸರಿಯಾಗಿ 10 ನಿಮಿಷಕ್ಕೆ ಗೆರೆ ನೋಡಬೇಕು. ತಡವಾಗಿ ನೋಡಿದರೆ ಇಲ್ಲದ ಗೆರೆಯೂ ಮೂಡಬಹುದು. ಹಗಲಲ್ಲೇ ಮಾಡಬಹುದು, ಯಾಕೆಂದರೆ ಅದು ಹಿಡಿಯುವುದು ಮರಿಯನ್ನಲ್ಲ, ದೊಡ್ಡ ವುಚೆರೇರಿಯಾ ರಕ್ತಕ್ಕೆ ಬಿಡುವ ವಸ್ತುವನ್ನು. ಬ್ರೂಜಿಯಾಕ್ಕೆ ಇದು ನಡೆಯುವುದಿಲ್ಲ.

ಆ ಪ್ರಾಜೆಕ್ಟ್ ಮುಗಿದ ಮೇಲೆ ಪಿಎಚ್‌ಡಿಗೆ ಉತ್ತರ ಭಾರತದ ಒಂದು ಪ್ರಯೋಗಾಲಯಕ್ಕೆ ಹೋದೆ. ಅಲ್ಲಿ ಬ್ರೂಜಿಯಾದ ಜೀವನಚಕ್ರವನ್ನು ಪೂರ್ತಿಯಾಗಿ ಸಾಕುತ್ತಿದ್ದರು. ಒಂದು ಕಡೆ ಜರ್ಬಿಲ್ ಎಂಬ ಇಲಿಜಾತಿಯ ಪ್ರಾಣಿ, ಇನ್ನೊಂದು ಕಡೆ ಸೊಳ್ಳೆ, ನಡುವೆ ನಾವು. ಪ್ರಯೋಗಾಲಯದ ತಳಿಯ ಮರಿಗಳು ಹಗಲೂ ರಕ್ತದಲ್ಲಿರುತ್ತವೆ, ಹಾಗಾಗಿ ನನ್ನ ನೈಟ್ ಡ್ಯೂಟಿ ತಪ್ಪಿತು. ಬದಲಿಗೆ ಭಾನುವಾರ ಹೋಯಿತು. ಸೊಳ್ಳೆಗೆ ಭಾನುವಾರ ಗೊತ್ತಿಲ್ಲ.

ಸಾಕುವ ಸೊಳ್ಳೆ ಈಡಿಸ್ ಈಜಿಪ್ಟೈ, ಡೆಂಗಿ ತರುವುದು ಇದೇ ಜಾತಿ. ಆದರೆ ಯಾವ ಈಡಿಸ್ ಆದರೂ ನಡೆಯುವುದಿಲ್ಲ. ಹೆಚ್ಚಿನವುಗಳ ಒಳಗೆ ಬ್ರೂಜಿಯಾ ಬೆಳೆಯದೆ ನಿಂತುಬಿಡುತ್ತದೆ. 1962ರಲ್ಲಿ ಲಿವರ್‌ಪೂಲ್‌ನ ಮ್ಯಾಕ್‌ಡೊನಾಲ್ಡ್ ಎಂಬವರು ಹುಳುವನ್ನು ಒಳಗೆ ಬಿಟ್ಟುಕೊಳ್ಳುವ ತಳಿಯನ್ನು ಆರಿಸಿ ಆರಿಸಿ ತಯಾರು ಮಾಡಿದರು, ಅದರ ಹಿಂದೆ ಒಂದು ಜೀನ್ ಇದೆ ಅಂತಲೂ ತೋರಿಸಿದರು. ಇವತ್ತಿಗೂ ಹೆಚ್ಚಿನ ಕಡೆ ಬಳಸುವುದು ಆ ಲಿವರ್‌ಪೂಲ್ ತಳಿಯನ್ನೇ. ಸಾಕಿದ ಸೊಳ್ಳೆಗಳ ಗುಂಪಿಗೆ ಹೊರಗಿನ ಸೊಳ್ಳೆ ಒಂದೆರಡು ಸೇರಿಕೊಂಡರೂ ತಳಿ ಕೆಡುತ್ತದೆ. ಅದಕ್ಕೇ ಸೊಳ್ಳೆ ಕೋಣೆಗೆ ಎರಡು ಬಾಗಿಲು, ನಡುವೆ ಕಪ್ಪು ಪರದೆ, ಪ್ರತಿ ಬಾಗಿಲ ಪಕ್ಕ ಒಂದು ಸೊಳ್ಳೆ ಬ್ಯಾಟ್. ಒಳಗಿನದು ಹೊರಗೆ ಹೋಗಬಾರದು, ಹೊರಗಿನದು ಒಳಗೆ ಬರಬಾರದು.

ಕೋಣೆ 27-28 ಡಿಗ್ರಿ, ಕನ್ನಡಕ ಮಂಜಾಗುವಷ್ಟು ತೇವ. ಫಿಲ್ಟರ್ ಪೇಪರ್ ಮೇಲೆ ಇಟ್ಟ ಮೊಟ್ಟೆಗಳು ಒಣಗಿದ ಮೇಲೂ ತಿಂಗಳುಗಟ್ಟಲೆ ಬದುಕಿರುತ್ತವೆ. ನೀರಿಗೆ ಹಾಕಿದರೆ ಮರಿ ಹೊರಬರುತ್ತವೆ. ಮರಿಗಳಿಗೆ ನಾಯಿ ಬಿಸ್ಕತ್ತು ಮತ್ತು ಯೀಸ್ಟ್ ಪುಡಿ. ಜಾಸ್ತಿ ಹಾಕಿದರೆ ಮಾರನೆಯ ದಿನ ನೀರಿನ ಮೇಲೆ ಬಿಳಿ ಪೊರೆ ಕಟ್ಟಿ ಎಲ್ಲ ಸಾಯುತ್ತವೆ. ಕಡಿಮೆ ಹಾಕಿದರೆ ಸೊಳ್ಳೆ ಚಿಕ್ಕದಾಗುತ್ತದೆ, ಚಿಕ್ಕ ಸೊಳ್ಳೆ ಕಡಿಮೆ ರಕ್ತ ಕುಡಿಯುತ್ತದೆ. ತಟ್ಟೆಯ ನೀರಿನ ಬಣ್ಣ ನೋಡಿಯೇ ಎಷ್ಟು ಹಾಕಬೇಕು ಅಂತ ತಿಳಿಯುತ್ತದೆ, ಸ್ವಲ್ಪ ಕಾಲ ಬೇಕು. ದೊಡ್ಡ ಸೊಳ್ಳೆಗಳಿಗೆ ಸಕ್ಕರೆ ನೀರು ಅಥವಾ ನೆನೆಸಿದ ಒಣದ್ರಾಕ್ಷಿ. ರಕ್ತ ಕುಡಿಸುವ ಹಿಂದಿನ ದಿನ ಅದನ್ನು ತೆಗೆದು ಉಪವಾಸ ಕೆಡವಬೇಕು.

ರಕ್ತ ಕುಡಿಸುವುದಕ್ಕೆ ಗಾಜಿನ ಫೀಡರ್ ಇದೆ. ಸುತ್ತ 37 ಡಿಗ್ರಿಯ ನೀರು ಹರಿಯುತ್ತದೆ, ಒಳಗೆ ಮರಿಹುಳು ಬೆರೆಸಿದ ರಕ್ತ, ಕೆಳಗೆ ಚರ್ಮದ ಬದಲಿಗೆ ಪ್ಯಾರಾಫಿಲ್ಮ್ ಎಂಬ ಮೇಣದಂಥ ತೆಳು ಹಾಳೆ. ಸೊಳ್ಳೆಗಳು ಜಾಲರಿಯ ಒಳಗಿನಿಂದ ಚುಚ್ಚಿ ಕುಡಿಯುತ್ತವೆ. ಎಷ್ಟು ಮರಿಹುಳು ಬೆರೆಸಬೇಕು ಎಂಬುದೇ ಇಡೀ ಕೆಲಸದ ಕೀಲಿ. ಕಡಿಮೆಯಾದರೆ ಆಮೇಲೆ ಏನೂ ಸಿಗುವುದಿಲ್ಲ. ಜಾಸ್ತಿಯಾದರೆ ಸೊಳ್ಳೆಗಳೇ ಸಾಯುತ್ತವೆ. ಯಾಕೆಂದರೆ ಮರಿಹುಳು ಸೊಳ್ಳೆಯ ಹೊಟ್ಟೆಯಲ್ಲಿ ಹೊದಿಕೆ ಕಳಚಿ, ಗೋಡೆ ತೂರಿಕೊಂಡು, ರೆಕ್ಕೆ ಬಡಿಯುವ ಸ್ನಾಯುವಿನೊಳಗೆ ಹೋಗಿ ಕೂರುತ್ತದೆ. ಒಂದೊಂದು ಹುಳುವೂ ಒಂದೊಂದು ಸ್ನಾಯುಕೋಶ ಹಾಳು ಮಾಡುತ್ತದೆ. ಹಾರಲಾಗದ ಸೊಳ್ಳೆಯಿಂದ ಹುಳುವಿಗೂ ಪ್ರಯೋಜನವಿಲ್ಲ, ನಮಗೂ ಇಲ್ಲ.

ಹೊಸದಾಗಿ ಸೇರುವವರಿಗೆ ನಾನು ದಿನಕ್ಕೊಂದು ಸೊಳ್ಳೆ ಬಿಡಿಸಿ ನೋಡಲು ಹೇಳುತ್ತೇನೆ. ತಲೆ, ಎದೆ, ಹೊಟ್ಟೆ ಬೇರೆ ಮಾಡಿ ಮೂರು ಹನಿ ಸಲೈನ್‌ನಲ್ಲಿ ಇಟ್ಟು, ಎರಡು ಸೂಜಿಯಿಂದ ಎಳೆಎಳೆಯಾಗಿ ಬಿಡಿಸಬೇಕು. ಮೊದಲ ದಿನಗಳಲ್ಲಿ ಎದೆಯ ಸ್ನಾಯುವಿನಲ್ಲಿ ಮೋಟುಮೋಟಾದ, ಅಲುಗಾಡದ ಹುಳು ಸಿಗುತ್ತದೆ. ತೆಳ್ಳಗಿದ್ದ ಮರಿ ಗಿಡ್ಡವಾಗಿ ದಪ್ಪಗಾಗಿರುತ್ತದೆ. ಎರಡು ಸಲ ಪೊರೆ ಕಳಚಿ, ಹತ್ತರಿಂದ ಹದಿನಾಲ್ಕು ದಿನದ ಹೊತ್ತಿಗೆ ಅದು ಒಂದೂವರೆ ಮಿಲಿಮೀಟರ್‌ನ ಚುರುಕು ಹುಳುವಾಗುತ್ತದೆ. ಇದು ಎಲ್‌3, ಮನುಷ್ಯನಿಗೆ ಅಂಟುವ ಹಂತ. ಸೊಳ್ಳೆಯ ತಲೆಯನ್ನು ಬೆಚ್ಚಗಿನ ಸಲೈನ್‌ಗೆ ಹಾಕಿ ಕಾದರೆ ಸೊಂಡಿಲಿನ ತುದಿಯಿಂದ ಒಂದೊಂದಾಗಿ ತಾವೇ ಹೊರಬರುತ್ತವೆ. ಬರಿಗಣ್ಣಿಗೂ ಕಾಣುತ್ತವೆ, ಕಪ್ಪು ಹಾಳೆ ಕೆಳಗಿಟ್ಟರೆ ಇನ್ನೂ ಚೆನ್ನಾಗಿ.

ಇದನ್ನು ನೋಡುವಾಗೆಲ್ಲ ನನಗೆ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ಸ್ಕಾಟ್ಲೆಂಡಿನ ವೈದ್ಯ ನೆನಪಾಗುತ್ತಾನೆ. 1877ರಲ್ಲಿ ಚೀನಾದ ಆಮೊಯ್‌ನಲ್ಲಿ ಅವನು ರಕ್ತದಲ್ಲಿ ಮರಿಹುಳು ಇದ್ದ ತನ್ನ ತೋಟದ ಆಳು ಹಿನ್ ಲೋನನ್ನು ಸೊಳ್ಳೆಗಳಿಂದ ಕಚ್ಚಿಸಿ, ಆ ಸೊಳ್ಳೆಗಳೊಳಗೆ ಹುಳು ಬೆಳೆಯುವುದನ್ನು ನೋಡಿದ. ಒಂದು ರೋಗದ ಜೀವಿ ಕೀಟದೊಳಗೆ ಬೆಳೆಯುತ್ತದೆ ಎಂಬುದು ಆಗ ಹೊಸ ಮಾತು. ಮಲೇರಿಯಾ ಕೆಲಸದಲ್ಲಿ ರೊನಾಲ್ಡ್ ರಾಸ್‌ಗೆ ದಾರಿ ತೋರಿಸಿದವನೂ ಇವನೇ. ಆದರೆ ಸೊಳ್ಳೆ ಒಂದೇ ಸಲ ಕಚ್ಚಿ ನೀರಿನ ಮೇಲೆ ಸಾಯುತ್ತದೆ, ಆ ನೀರು ಕುಡಿದವರಿಗೆ ಹುಳು ಸೇರುತ್ತದೆ ಅಂತ ಮ್ಯಾನ್ಸನ್ ನಂಬಿದ್ದ. 1900ರಲ್ಲಿ ಜಾರ್ಜ್ ಕಾರ್ಮೈಕೇಲ್ ಲೋ ಸೊಳ್ಳೆಯ ಸೊಂಡಿಲನ್ನೇ ತೆಳ್ಳಗೆ ಸೀಳಿ ನೋಡಿ ಅದರೊಳಗೆ ಹುಳು ತೋರಿಸಿದ ಮೇಲೆ ಲೆಕ್ಕ ಸರಿಹೋಯಿತು. ಹಿನ್ ಲೋಗೆ ಆಮೇಲೆ ಏನಾಯಿತು ಅಂತ ನಮ್ಮ ಪಾಠದ ಪುಸ್ತಕಗಳು ಕೇಳುವುದೇ ಇಲ್ಲ. ಈಗಿನ ಕಾಲದಲ್ಲಿ ಆ ಪ್ರಯೋಗಕ್ಕೆ ಯಾವ ಎಥಿಕ್ಸ್ ಕಮಿಟಿಯೂ ಸಹಿ ಹಾಕುತ್ತಿರಲಿಲ್ಲ.

ಮಲೇರಿಯಾದ ಜೀವಿ ಸೊಳ್ಳೆಯೊಳಗೆ ಸಾವಿರಪಟ್ಟು ಹೆಚ್ಚುತ್ತದೆ. ಫೈಲೇರಿಯಾ ಹಾಗಲ್ಲ. ಒಂದು ಮರಿ ಒಳಗೆ ಹೋದರೆ ಹೆಚ್ಚೆಂದರೆ ಒಂದು ಎಲ್‌3. ಅದೂ ಕಚ್ಚಿದಾಗ ನೇರ ರಕ್ತಕ್ಕೆ ಹೋಗುವುದಿಲ್ಲ. ಚರ್ಮದ ಮೇಲೆ ಒಂದು ಸಣ್ಣ ಹನಿಯಲ್ಲಿ ಬೀಳುತ್ತದೆ, ಸೊಳ್ಳೆ ಚುಚ್ಚಿದ ತೂತನ್ನು ತಾನೇ ಹುಡುಕಿಕೊಂಡು ಒಳಗಿಳಿಯಬೇಕು. ಚರ್ಮ ಒಣಗಿದ್ದರೆ ಅಲ್ಲೇ ಸಾಯುತ್ತದೆ. 1960ರ ದಶಕದಲ್ಲಿ ಬರ್ಮಾದ ರಂಗೂನ್‌ನಲ್ಲಿ ಹಾಕಿದ ಒಂದು ಲೆಕ್ಕದ ಪ್ರಕಾರ ಒಬ್ಬರ ರಕ್ತದಲ್ಲಿ ಮರಿಹುಳು ಕಾಣಿಸಿಕೊಳ್ಳಲು ಸುಮಾರು 15,500 ಸಲ ಹುಳುವಿರುವ ಸೊಳ್ಳೆ ಕಚ್ಚಬೇಕು. ನಾಲ್ಕು ದಿನಕ್ಕೆ ಆ ಊರಿಗೆ ಹೋಗಿ ಬಂದವರಿಗೆ ಆನೆಕಾಲು ಬರುತ್ತದೆ ಅಂತ ಹೆದರುವವರಿಗೆ ಈ ಸಂಖ್ಯೆ ಹೇಳುತ್ತೇನೆ. ಹುಟ್ಟಿದಾಗಿನಿಂದ ಅದೇ ಚರಂಡಿಯ ಪಕ್ಕ ಮಲಗುವವರ ಲೆಕ್ಕವೂ ಅದರಿಂದಲೇ ತಿಳಿಯುತ್ತದೆ.

ಪ್ರಯೋಗಕ್ಕೆ ಎಲ್‌3 ರಾಶಿಯಾಗಿ ಬೇಕಾದಾಗ ಒಂದೊಂದೇ ಸೊಳ್ಳೆ ಬಿಡಿಸುತ್ತಾ ಕೂರಲು ಆಗುವುದಿಲ್ಲ. ಸೊಳ್ಳೆಗಳನ್ನು ತಣ್ಣಗೆ ಮಾಡಿ ಮಲಗಿಸಿ, ಪಿಂಗಾಣಿ ಒರಳಿನಲ್ಲಿ ಮೆಲ್ಲಗೆ ಒತ್ತಬೇಕು. ಅರೆಯಬಾರದು, ಒತ್ತಬೇಕು. ಆಮೇಲೆ ಬಟ್ಟೆ ಕಟ್ಟಿದ ಫನಲ್‌ನಲ್ಲಿ ಬೆಚ್ಚಗಿನ ದ್ರಾವಣ ತುಂಬಿ ಅದರ ಮೇಲೆ ಹರಡಿದರೆ ಹುಳುಗಳು ಬಟ್ಟೆ ದಾಟಿ ಕೆಳಗಿಳಿದು ತುದಿಯಲ್ಲಿ ಸೇರುತ್ತವೆ, ರೆಕ್ಕೆ ಕಾಲುಗಳ ಕಸ ಮೇಲೆ ಉಳಿಯುತ್ತದೆ. ಅವುಗಳನ್ನು ತೊಳೆದು, ಎಣಿಸಿ, ಜರ್ಬಿಲ್‌ನ ಹೊಟ್ಟೆಯ ಕುಹರಕ್ಕೆ ಸಿರಿಂಜಿನಿಂದ ಬಿಡುತ್ತೇವೆ. ಆಮೇಲೆ ಮೂರು ತಿಂಗಳು ಕಾಯುವುದೇ ಕೆಲಸ. ಇದನ್ನು ಹೇಳಿದರೆ ಗಡಿಬಿಡಿಯ ಗೈಡ್‌ಗಳಿಗೆ ಸಿಟ್ಟು ಬರುತ್ತದೆ, ಆದರೆ ಹುಳು ಯಾರ ಥೀಸಿಸ್‌ಗೂ ಬೇಗ ಬೆಳೆಯುವುದಿಲ್ಲ.

ಮೂರು ತಿಂಗಳ ಮೇಲೆ ಪ್ರಾಣಿಯನ್ನು ನಿಯಮದ ಪ್ರಕಾರ ನೋವಿಲ್ಲದಂತೆ ಕೊಂದು ಹೊಟ್ಟೆ ತೆರೆದು ಬೆಚ್ಚಗಿನ ದ್ರಾವಣದಲ್ಲಿ ತೊಳೆದರೆ ದೊಡ್ಡ ಹುಳುಗಳು ಹೊರಬರುತ್ತವೆ. ಹೆಣ್ಣು ನಾಲ್ಕೈದು ಸೆಂಟಿಮೀಟರ್, ಗಂಡು ಎರಡರ ಆಸುಪಾಸು. ಒಂದಕ್ಕೊಂದು ಗಂಟು ಹಾಕಿಕೊಂಡಿರುತ್ತವೆ. ಗಂಟು ಬಿಡಿಸಲು ಚಿಮಟದ ಚೂಪು ತುದಿ ಬಳಸಬಾರದು, ಬಾಗಿದ ಮೊಂಡು ಸೂಜಿಯಿಂದ ಮೇಲೆತ್ತಿ ಅಲುಗಿಸಿದರೆ ಅವೇ ಬಿಡಿಸಿಕೊಳ್ಳುತ್ತವೆ. ಚರ್ಮ ಎಲ್ಲಾದರೂ ಹರಿದರೆ ಒಳಗಿನ ಒತ್ತಡಕ್ಕೆ ಕರುಳು ಹೊರಗೆ ಬಂದುಬಿಡುತ್ತದೆ, ಆ ಹುಳು ಪ್ರಯೋಗಕ್ಕೆ ಬರುವುದಿಲ್ಲ.

ಇನ್ನು ಔಷಧದ ಪರೀಕ್ಷೆ. ತಟ್ಟೆಯ ಒಂದೊಂದು ಗುಳಿಯಲ್ಲಿ ಒಂದೊಂದು ಹುಳು, ಪೋಷಕ ದ್ರಾವಣ, ಪರೀಕ್ಷೆಯ ರಾಸಾಯನಿಕ. 37 ಡಿಗ್ರಿಯ ಇನ್‌ಕ್ಯುಬೇಟರ್‌ನಲ್ಲಿಟ್ಟು ದಿನವೂ ತೆಗೆದು ಹುಳು ಎಷ್ಟು ಅಲುಗುತ್ತದೆ ಅಂತ ಅಂಕ ಕೊಡುವುದು. ಕೇಳಲು ಸುಲಭ. ತಟ್ಟೆ ಹೊರಗೆ ಬಂದು ಐದು ನಿಮಿಷ ತಣ್ಣಗಾದರೆ ಆರೋಗ್ಯವಾದ ಹುಳುವೂ ಮಂಕಾಗುತ್ತದೆ. ಹಾಗಾಗಿ ಮೊದಲ ಗುಳಿಗೂ ಕೊನೆಯ ಗುಳಿಗೂ ಅನ್ಯಾಯ ಆಗದಂತೆ ನೋಡಬೇಕು, ಇಲ್ಲವೇ ಬಿಸಿ ಮಾಡಿದ ಸ್ಟೇಜ್ ಬೇಕು. ಯಾವ ಗುಳಿಯಲ್ಲಿ ಏನಿದೆ ಅಂತ ನೋಡುವವರಿಗೆ ಗೊತ್ತಿರಬಾರದು. ಔಷಧ ಹಾಕಿದ್ದೇನೆ ಅಂತ ಗೊತ್ತಿದ್ದರೆ ಕಣ್ಣು ಹುಳುವನ್ನು ತಾನೇ ನಿಧಾನ ಮಾಡಿಬಿಡುತ್ತದೆ. ಕೊನೆಗೆ ಎಂಟಿಟಿ ಎಂಬ ಹಳದಿ ಬಣ್ಣ ಹಾಕಿದರೆ ಬದುಕಿರುವ ಹುಳು ಕಡು ನೇರಳೆಯಾಗುತ್ತದೆ, ಸತ್ತದ್ದು ಬಿಳಿಯಾಗೇ ಉಳಿಯುತ್ತದೆ. ಅಲುಗದೆ ಮಲಗಿದ್ದ ಹುಳು ಪೂರ್ತಿ ನೇರಳೆಯಾದದ್ದನ್ನು ಎಷ್ಟೋ ಸಲ ನೋಡಿದ್ದೇವೆ. ಮಲಗಿದ್ದು ಸತ್ತಿಲ್ಲ.

ನನ್ನ ಕಣ್ಣು ತೆರೆಸಿದ್ದು ಡಿಇಸಿ. 1947ರಿಂದ ಬಳಕೆಯಲ್ಲಿರುವ ಔಷಧ, ನಮ್ಮ ಸರ್ಕಾರ ಕೋಟಿಗಟ್ಟಲೆ ಜನರಿಗೆ ನುಂಗಿಸಿರುವ ಔಷಧ. ರೋಗಿಗೆ ಕೊಟ್ಟರೆ ರಕ್ತದ ಮರಿಹುಳುಗಳು ನೋಡನೋಡುತ್ತಲೇ ಕಡಿಮೆಯಾಗುತ್ತವೆ. ಅದೇ ಡಿಇಸಿಯನ್ನು ರಕ್ತದಲ್ಲಿ ಸಿಗುವಷ್ಟೇ ಪ್ರಮಾಣದಲ್ಲಿ ತಟ್ಟೆಗೆ ಹಾಕಿ ನೋಡಿ. ಹುಳುಗಳು ಹಾಯಾಗಿ ಈಜುತ್ತಿರುತ್ತವೆ. ಅದು ಹುಳುವನ್ನು ನೇರವಾಗಿ ಕೊಲ್ಲುವ ವಿಷವಲ್ಲ, ನಮ್ಮ ಮೈಯ ಸಹಾಯ ಬೇಕು. ಲಿವರ್‌ಪೂಲ್‌ನವರು 2005ರಲ್ಲಿ ತೋರಿಸಿದ ಹಾಗೆ, ನೈಟ್ರಿಕ್ ಆಕ್ಸೈಡ್ ಮಾಡುವ ಒಂದು ಜೀನ್ ಇಲ್ಲದ ಇಲಿಗಳಲ್ಲಿ ಡಿಇಸಿ ಕೆಲಸವನ್ನೇ ಮಾಡಲಿಲ್ಲ. ಐವರ್‌ಮೆಕ್ಟಿನ್ ಎಂಬ ಇನ್ನೊಂದು ಹುಳುವಿನ ಔಷಧದ ಕತೆಯೂ ಹೀಗೇ. 2010ರಲ್ಲಿ ಬಂದ ಕೆಲಸ ಹೇಳಿದ್ದು ಏನೆಂದರೆ, ಅದು ಮರಿಹುಳುವಿನ ವಿಸರ್ಜನೆಯ ರಂಧ್ರದಿಂದ ಹೊರಬೀಳುವ ಪ್ರೋಟೀನ್‌ಗಳನ್ನು ತಡೆಯುತ್ತದೆ. ಆ ಪ್ರೋಟೀನ್‌ಗಳ ಮರೆ ಹೋದ ಮೇಲೆ ನಮ್ಮ ರಕ್ಷಣಾ ವ್ಯವಸ್ಥೆ ಹುಳುವನ್ನು ಹಿಡಿಯುತ್ತದೆ ಎಂಬುದು ಅವರ ವಿವರಣೆ. ಅಂದರೆ ಇವತ್ತು ಯಾರಾದರೂ ಬರೀ ತಟ್ಟೆಯ ಪರೀಕ್ಷೆ ನಂಬಿ ಡಿಇಸಿಯನ್ನು ಹೊಸದಾಗಿ ಹುಡುಕಲು ಹೊರಟರೆ ಮೊದಲ ದಿನವೇ ಕಸದ ಬುಟ್ಟಿಗೆ ಹಾಕುತ್ತಾರೆ. ಹುಳುವನ್ನು ಮೈಯಿಂದ ಬೇರೆ ಮಾಡಿ ಕೇಳಿದರೆ ಅದು ಅರ್ಧ ಮಾತ್ರ ಹೇಳುತ್ತದೆ. ಸೊಳ್ಳೆ ಕೋಣೆ, ಜರ್ಬಿಲ್ ಕೋಣೆ ದುಬಾರಿ, ಮುಚ್ಚಿ ಅನ್ನುವ ಮೀಟಿಂಗ್‌ಗಳಲ್ಲಿ ನಾನು ಹೇಳುವ ಮಾತು ಇದೊಂದೇ.

ತಟ್ಟೆಯಲ್ಲೇ ಚೆನ್ನಾಗಿ ಮಾತಾಡುವ ಒಂದು ವಿಷಯವೂ ಇದೆ. ಈ ಹುಳುಗಳ ಒಳಗೆ ವುಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ವಾಸ ಮಾಡುತ್ತದೆ. 1970ರ ದಶಕದಲ್ಲೇ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡಿತ್ತು. ಹುಳು ಅದಿಲ್ಲದೆ ಬದುಕಲಾರದು ಎಂಬುದು ಗಟ್ಟಿಯಾದದ್ದು ಬಹಳ ಆಮೇಲೆ. ಬ್ಯಾಕ್ಟೀರಿಯಾವನ್ನು ಹೊಡೆಯುವ ಟೆಟ್ರಾಸೈಕ್ಲಿನ್ ಜಾತಿಯ ಔಷಧ ಹಾಕಿದರೆ ಹುಳು ತಕ್ಷಣ ಸಾಯುವುದಿಲ್ಲ. ಆದರೆ ಹೆಣ್ಣು ಹುಳುವನ್ನು ಸೀಳಿ ಗರ್ಭಕೋಶದಲ್ಲಿರುವುದನ್ನು ಎಣಿಸಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಔಷಧ ಕಾಣದ ಹುಳುವಿನಲ್ಲಿ ಮೊಟ್ಟೆ, ಸುರುಳಿ ಸುತ್ತಿದ ಭ್ರೂಣ, ನೀಟಾಗಿ ಚಾಚಿದ ಮರಿ ಎಲ್ಲ ಹಂತವೂ ಸಾಲಾಗಿ ಸಿಗುತ್ತವೆ. ಔಷಧ ಕಂಡದ್ದರಲ್ಲಿ ಆಕಾರ ಕೆಟ್ಟ ಮುದ್ದೆಗಳು. 2005ರಲ್ಲಿ ತಾಂಜಾನಿಯಾದಲ್ಲಿ ಮಾರ್ಕ್ ಟೇಲರ್, ಆಕಿಮ್ ಹೋರಾಫ್ ಮುಂತಾದವರು ರೋಗಿಗಳಿಗೆ ದಿನಕ್ಕೆ 200 ಮಿಲಿಗ್ರಾಂನಂತೆ ಅದೇ ಜಾತಿಯ ಡಾಕ್ಸಿಸೈಕ್ಲಿನ್ 8 ವಾರ ಕೊಟ್ಟು ದೊಡ್ಡ ಹುಳುಗಳೇ ಸಾಯುವುದನ್ನು ತೋರಿಸಿದರು. ಡಿಇಸಿ ಪೂರ್ತಿ ಮಾಡಲಾಗದ ಕೆಲಸ ಅದು. ಆದರೆ ವಾರಗಟ್ಟಲೆ ದಿನವೂ ನುಂಗಬೇಕು, ಬಸುರಿಯರಿಗೂ ಚಿಕ್ಕ ಮಕ್ಕಳಿಗೂ ಕೊಡುವ ಹಾಗಿಲ್ಲ. ಊರಿಗೆ ಊರೇ ನುಂಗಿಸುವ ಔಷಧ ಇದಲ್ಲ. ಒಂದೇ ವಾರದಲ್ಲಿ ಈ ಕೆಲಸ ಮುಗಿಸುವ ಔಷಧ ಸಿಕ್ಕೀತಾ ಅಂತ ಈಗ ಹಲವು ಕಡೆ ಹುಡುಕಾಟ ನಡೆದಿದೆ. ನನ್ನ ಥೀಸಿಸ್ ಆ ರಾಶಿಯಲ್ಲಿ ಒಂದು ಚಿಕ್ಕ ಕಾಗದ.

ಬ್ರೂಜಿಯಾದ ಜೀನೋಮ್ (ಅದರ ಎಲ್ಲ ಜೀನ್‌ಗಳ ಓದು) 2007ರಲ್ಲಿ ಬಂತು, ವುಲ್ಬಾಕಿಯಾದ್ದು ಅದಕ್ಕೂ ಎರಡು ವರ್ಷ ಮೊದಲೇ. ಹೀಮ್, ರೈಬೋಫ್ಲೇವಿನ್ ಇಂಥ ಬದುಕಲು ಬೇಕಾದ ವಸ್ತುಗಳನ್ನು ಬ್ಯಾಕ್ಟೀರಿಯಾ ಹುಳುವಿಗೆ ಒದಗಿಸುತ್ತಿರಬಹುದು ಎಂಬ ಸುಳಿವು ಸಿಕ್ಕಿದ್ದು ಅಲ್ಲಿಂದಲೇ.

ಊರಿನ ಕಡೆಯ ಸಂಬಂಧ ತಪ್ಪಿಲ್ಲ. ಡಿಇಸಿ, ಆಲ್ಬೆಂಡಜೋಲ್ ಜೊತೆಗೆ ಐವರ್‌ಮೆಕ್ಟಿನ್ ಸೇರಿಸಿ ಮೂರು ಔಷಧ ಒಟ್ಟಿಗೆ ಕೊಡುವುದು ಸುರಕ್ಷಿತವೇ ಅಂತ ಭಾರತದಲ್ಲಿ ನೋಡಿದ ಸಮುದಾಯ ಅಧ್ಯಯನ ನಡೆದದ್ದು ನಮ್ಮ ಯಾದಗಿರಿ ಜಿಲ್ಲೆಯಲ್ಲೇ. ಈ ಸಂಗತಿ ಆ ಕಡೆಯವರಿಗೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಮೈಯಲ್ಲಿ ಮರಿಹುಳು ಇದ್ದವರಿಗೆ ಔಷಧ ನುಂಗಿದ ಮೇಲೆ ಜ್ವರ, ತಲೆನೋವು, ಮೈಕೈ ನೋವು ಬರುವುದುಂಟು. ಸಾಯುತ್ತಿರುವ ಮರಿಹುಳುಗಳಿಂದ ಆಗುವುದು ಅದು. "ಗುಳಿಗಿ ತಗೊಂಡು ಜ್ವರ ಬಂತು" ಅಂತ ಊರಲ್ಲಿ ಸುದ್ದಿ ಹಬ್ಬಿದರೆ ಮುಂದಿನ ಮನೆಯವರು ನುಂಗುವುದಿಲ್ಲ. ಮೊದಲೇ ಹೇಳಿ ಕೊಟ್ಟರೆ ಅರ್ಧ ಗಲಾಟೆ ಇರುವುದಿಲ್ಲ.

ಕಾಲು ದಪ್ಪಗಾದವರು ಕೇಳುವ ಪ್ರಶ್ನೆ ಬೇರೆ. "ನನ್ನ ಕಾಲು ಇಳೀತದೇನ್ರಿ?" ನಾವು ಪರೀಕ್ಷಿಸುವ ಯಾವ ಔಷಧವೂ ಅದಕ್ಕೆ ಉತ್ತರ ಅಲ್ಲ. ನಾಳ ಆಗಲೇ ಕೆಟ್ಟಿರುತ್ತದೆ. ಮತ್ತೆ ಮತ್ತೆ ಬರುವ ಜ್ವರ, ಉರಿ, ಬಾವಿಗೆ ಹೆಚ್ಚಾಗಿ ಕಾರಣ ಹುಳುವೇ ಅಲ್ಲ, ಬೆರಳ ಸಂದಿಯ ಬಿರುಕಿನಿಂದ ಒಳಗೆ ಹೋಗುವ ಬ್ಯಾಕ್ಟೀರಿಯಾ. ದಿನಾ ಸೋಪು ನೀರಿನಲ್ಲಿ ಕಾಲು ತೊಳೆದು, ಬೆರಳ ಸಂದಿಯನ್ನು ಒತ್ತಿ ಒರೆಸಿ ಒಣಗಿಸಿ, ಬಿರುಕಿಗೆ ಮುಲಾಮು ಹಚ್ಚಿ, ಕೂತಾಗ ಮಲಗಿದಾಗ ಕಾಲು ಎತ್ತರದಲ್ಲಿಟ್ಟರೆ ಆ ಜ್ವರ ಬಹಳ ಕಡಿಮೆಯಾಗುತ್ತದೆ. ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿಯವರು ಇದರ ಜೊತೆಗೆ ಆಯುರ್ವೇದ, ಯೋಗ, ಬ್ಯಾಂಡೇಜ್ ಸೇರಿಸಿ ಒಂದು ಚಿಕಿತ್ಸೆ ರೂಪಿಸಿದ್ದಾರೆ, ಕಲಬುರಗಿ ಕಡೆಯ ಹಳ್ಳಿಗಳಲ್ಲೂ ಅದನ್ನು ಮಾಡಿ ನೋಡಿದ್ದಾರೆ. ಕೇಳಿದವರಿಗೆ ನಾನು ಹುಳುವಿನ ಪಾಠ ಮಾಡುವುದಿಲ್ಲ, ಕಾಲು ತೊಳೆಯುವುದನ್ನು ಕೂತು ತೋರಿಸುತ್ತೇನೆ. ವೃಷಣದ ಬಾವು ಇರುವ ಗಂಡಸರು ನಾಚಿಕೊಂಡು ಹೇಳುವುದೇ ಇಲ್ಲ. ಅದಕ್ಕೆ ಆಪರೇಷನ್ ಇದೆ, ಸರ್ಕಾರಿ ಆಸ್ಪತ್ರೆಯಲ್ಲೇ ಆಗುತ್ತದೆ.

ಈಗ ನನ್ನ ಕೆಲಸ ಹೆಚ್ಚಾಗಿ ಊರಿನ ಸೊಳ್ಳೆಗಳ ಮೇಲೆ. ಔಷಧ ಕೊಟ್ಟು ಮುಗಿದ ಊರುಗಳಲ್ಲಿ ಹುಳು ಇನ್ನೂ ಓಡಾಡುತ್ತಿದೆಯೇ ಅಂತ ತಿಳಿಯಲು ಎಲ್ಲರ ರಕ್ತ ತೆಗೆಯುವ ಬದಲು ಸೊಳ್ಳೆಗಳನ್ನೇ ಹಿಡಿಯುತ್ತೇವೆ. ಚರಂಡಿಯ ಹತ್ತಿರ ಹುಲ್ಲು ನೆನೆಸಿದ ನಾತದ ನೀರಿನ ತಟ್ಟೆ ಇಟ್ಟು ಮೇಲೆ ಫ್ಯಾನ್ ಕೂರಿಸಿದರೆ ಮೊಟ್ಟೆ ಇಡಲು ಬಂದ ಕ್ಯೂಲೆಕ್ಸ್ ಸಿಗುತ್ತವೆ. ಅವು ಆಗಲೇ ಒಮ್ಮೆ ರಕ್ತ ಕುಡಿದವು, ನಮಗೆ ಬೇಕಾದವೂ ಅವೇ. ಇಪ್ಪತ್ತು ಇಪ್ಪತ್ತೈದನ್ನು ಒಂದು ಟ್ಯೂಬಿಗೆ ಹಾಕಿ ಅರೆದು ಪಿಸಿಆರ್ ಮಾಡಿದರೆ ವುಚೆರೇರಿಯಾದ ಡಿಎನ್‌ಎ ಇದೆಯೋ ಇಲ್ಲವೋ ತಿಳಿಯುತ್ತದೆ. ಆದರೆ ಡಿಎನ್‌ಎ ಸಿಕ್ಕಿತು ಅಂದರೆ ಸೊಳ್ಳೆ ಮರಿಹುಳುವಿರುವ ರಕ್ತ ಕುಡಿದಿದೆ ಅಂತ ಮಾತ್ರ. ಹುಳು ಅದರೊಳಗೆ ಬೆಳೆದು ಎಲ್‌3 ಆಗಿದೆಯೇ ಎಂಬುದು ಬೇರೆ ಮಾತು. ಹೊಟ್ಟೆಯಲ್ಲೇ ಸತ್ತ ಮರಿಯ ಡಿಎನ್‌ಎಯೂ ಸಿಗುತ್ತದೆ. ಹಾಗಾಗಿ ಹಿಡಿದ ಸೊಳ್ಳೆಗಳಲ್ಲಿ ಒಂದು ಪಾಲನ್ನು ಪಿಸಿಆರ್‌ಗೆ ಕಳಿಸದೆ ಪಕ್ಕಕ್ಕೆ ತೆಗೆದಿಡುತ್ತೇವೆ. ತಲೆ, ಎದೆ, ಹೊಟ್ಟೆ ಬೇರೆ ಮಾಡಿ, ಮೂರು ಹನಿ ಸಲೈನ್‌ನಲ್ಲಿ ಸೂಜಿಯಿಂದ ಬಿಡಿಸಿ ನೋಡುವ ಹಳೆಯ ಕ್ರಮ ಅವಕ್ಕೆ. ನಿಧಾನದ ಕೆಲಸ, ಕತ್ತು ನೋಯುತ್ತದೆ, ಮಷೀನ್ ಇರುವಾಗ ಇದೆಲ್ಲ ಯಾಕೆ ಅಂತ ಹುಡುಗರು ಗೊಣಗುತ್ತಾರೆ. ಒಂದು ತಲೆಯಿಂದ ಎಲ್‌3 ಹೊರಬಂದ ದಿನ ಮಾತ್ರ ಎಲ್ಲರೂ ಆ ಸೂಕ್ಷ್ಮದರ್ಶಕದ ಮುಂದೆ ಕ್ಯೂ ನಿಲ್ಲುತ್ತಾರೆ. ಆಮೇಲೆ ಆ ಮನೆಯ ಸುತ್ತಲಿನವರನ್ನೆಲ್ಲ ಪರೀಕ್ಷಿಸಲು ಆರೋಗ್ಯ ಇಲಾಖೆಗೆ ಹೇಳಿ ಕಳಿಸುತ್ತೇವೆ.